ದಡ ಮುಟ್ಟಿಸುವ ಹಡಗುಗಳು

2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದ ಕಚ್ಚಾ ತೈಲ ಹೊತ್ತು ನವಮಂಗಳೂರು ಬಂದರಿನತ್ತ ಬರುತ್ತಿದ್ದ ‘ಕೆಮ್ ಪ್ಲೂಟೊ’ ಎಂಬ ಟ್ಯಾಂಕರಿನ ಮೇಲೆ ಡ್ರೋನ್ ಬಂದೆರಗಿತು. ಹಡಗು ಆಗ ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿತ್ತು. ಹೊತ್ತಿಕೊಂಡ ಬೆಂಕಿಯನ್ನು ಹಡಗಿನವರೇ ಆರಿಸಿದರು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಭಾರತೀಯರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕರಾವಳಿ ಕಾವಲು ಪಡೆಯ ‘ವಿಕ್ರಮ್’ ಜೊತೆಗೆ ನಿಂತು ಅದನ್ನು ಮುಂಬೈಗೆ ತಲುಪಿಸಿತು. ಬೆನ್ನಲ್ಲೇ ನೌಕಾಪಡೆ ತನ್ನ ಅತಿ ದೊಡ್ಡ ಯುದ್ಧನೌಕೆಗಳಲ್ಲಿ ಸೇರಿದ ಮೊರ್ಮುಗಾವೊ, ಕೊಚ್ಚಿ, ಕೋಲ್ಕತ್ತ ಎಂಬ ಮೂರು ಡಿಸ್ಟ್ರಾಯರ್‌ಗಳನ್ನು ಆ ನೀರಿಗೆ ಕಳುಹಿಸಿತು. ನಮ್ಮ ಕರಾವಳಿಗೆ ಬರಬೇಕಿದ್ದ ಎಣ್ಣೆಯ ಈ ಸುದ್ದಿಯನ್ನು ನಾವು ಬಹುಬೇಗ ಮರೆತೆವು.

ಹಾಗೆ ಮರೆಯುವುದು ಸರಿಯಲ್ಲ ಎಂಬುದು ನನ್ನ ವಾದ. ನೌಕಾಪಡೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ವಿಮಾನವಾಹಕ ನೌಕೆ, ಕ್ಷಿಪಣಿ ಚಿಮ್ಮಿಸುವ ಡಿಸ್ಟ್ರಾಯರ್, ಅಣುಶಕ್ತಿಯ ಸಬ್‌ಮರೀನ್. ಸರಕು ಹಡಗಿನ ಪಕ್ಕದಲ್ಲಿ ಅದರ ನಿಧಾನಕ್ಕೆ ತನ್ನ ವೇಗ ತಗ್ಗಿಸಿಕೊಂಡು ದಿನಗಟ್ಟಲೆ ಸಾಗುವ ಸಣ್ಣ ಬೆಂಗಾವಲು ಹಡಗು ಯಾರ ಕಣ್ಣಿಗೂ ಬೀಳುವುದಿಲ್ಲ. ಕಡಲಬಲವನ್ನು ಕೊನೆಗೆ ಅಳೆಯುವುದು ಮಾತ್ರ ಸರಕು ತಲುಪಿತೇ ಎಂಬ ಒಂದೇ ಪ್ರಶ್ನೆಯಿಂದ. ಅದಕ್ಕೆ ಉತ್ತರ ಕೊಡುವ ಹಡಗುಗಳನ್ನು ಶಾಂತಿಯ ಕಾಲದಲ್ಲಿ ದೇಶಗಳು ಕಡೆಗಣಿಸುತ್ತವೆ, ಯುದ್ಧ ಬಂದಾಗ ಅದರ ಬೆಲೆಯನ್ನು ನಾವಿಕರು ತೆರುತ್ತಾರೆ. ಕಳೆದ ನೂರು ವರ್ಷಗಳಲ್ಲಿ ಇದು ಮತ್ತೆ ಮತ್ತೆ ನಡೆದಿದೆ.

1917ರ ಬ್ರಿಟನ್ನನ್ನು ನೋಡಿ. ಆ ವರ್ಷದ ಫೆಬ್ರವರಿಯಿಂದ ಜರ್ಮನ್ ಸಬ್‌ಮರೀನ್‌ಗಳು ಎದುರಾದ ಹಡಗನ್ನೆಲ್ಲ ಮುಳುಗಿಸತೊಡಗಿದ್ದವು. ಏಪ್ರಿಲ್ ಒಂದೇ ತಿಂಗಳಲ್ಲಿ ಮಿತ್ರರಾಷ್ಟ್ರಗಳ ಮತ್ತು ತಟಸ್ಥ ದೇಶಗಳ ಎಂಟೂವರೆ ಲಕ್ಷ ಟನ್ನಿಗೂ ಹೆಚ್ಚು ಹಡಗುಗಳು ತಳ ಸೇರಿದವು. ಹೀಗೇ ಮುಂದುವರಿದರೆ ಬ್ರಿಟನ್ ಸೋಲುತ್ತದೆಂದು ನೌಕಾಪಡೆಯ ಮುಖ್ಯಸ್ಥ ಜೆಲಿಕೊ ಅಮೆರಿಕದ ಅಡ್ಮಿರಲ್ ಸಿಮ್ಸ್ ಎದುರು ಒಪ್ಪಿಕೊಂಡ. ಪರಿಹಾರ ಹೊಸದೇನೂ ಆಗಿರಲಿಲ್ಲ. ಹಾಯಿ ಹಡಗುಗಳ ಕಾಲದಲ್ಲಿ ಇದೇ ಬ್ರಿಟನ್ ತನ್ನ ವ್ಯಾಪಾರದ ಹಡಗುಗಳನ್ನು ಗುಂಪು ಕಟ್ಟಿ, ಕಾವಲು ಕೊಟ್ಟು ಕಳುಹಿಸುತ್ತಿತ್ತು. ಈಗ ಮಾತ್ರ ನೌಕಾಪಡೆಯ ಹಿರಿಯರು ಈ ಕಾನ್ವಾಯ್ ಪದ್ಧತಿ ಬೇಡವೆಂದು ಪಟ್ಟು ಹಿಡಿದಿದ್ದರು. ವ್ಯಾಪಾರದ ಕ್ಯಾಪ್ಟನ್‌ಗಳಿಗೆ ಸಾಲು ಕಾಪಾಡಿಕೊಂಡು ಸಾಗಲು ಬರುವುದಿಲ್ಲ, ಬಂದರುಗಳಲ್ಲಿ ನೂಕುನುಗ್ಗಲಾಗುತ್ತದೆ, ಇಷ್ಟೊಂದು ಹಡಗುಗಳಿಗೆ ಕಾವಲು ಹಡಗು ಎಲ್ಲಿಂದ ತರುವುದು ಎಂದು ಕೇಳುತ್ತಿದ್ದರು.

ಇಷ್ಟೊಂದು ಎಂದರೆ ಎಷ್ಟು? ವಾರಕ್ಕೆ 2,500 ಹಡಗು ಬರುತ್ತವೆ, 2,500 ಹೊರಡುತ್ತವೆ ಎಂಬ ಅಂಕಿ ಅವರ ಮುಂದಿತ್ತು. ಕಡಲಸಂಚಾರ ನಿಂತಿಲ್ಲವೆಂದು ಜಗತ್ತಿಗೆ ತೋರಿಸಲು ಕರಾವಳಿಯ ಸಣ್ಣಪುಟ್ಟ ದೋಣಿಗಳನ್ನೂ ಸೇರಿಸಿ ಪ್ರಕಟಿಸುತ್ತಿದ್ದ ಲೆಕ್ಕ ಅದು. ರೆಜಿನಾಲ್ಡ್ ಹೆಂಡರ್ಸನ್ ಎಂಬ ಕಮಾಂಡರ್ ಹಡಗು ಸಾಗಣೆ ಇಲಾಖೆಯಿಂದ ನಿಜವಾದ ಲೆಕ್ಕ ತರಿಸಿಕೊಂಡ. ಸಾಗರ ದಾಟಿ ಬರುವ ಹಡಗುಗಳು ವಾರಕ್ಕೆ 120ರಿಂದ 140 ಅಷ್ಟೆ! ಶತ್ರುವನ್ನು ನಂಬಿಸಲು ಬರೆದ ಅಂಕಿಯನ್ನು ಬರೆದವರೇ ನಂಬಿ ಕೂತಿದ್ದರು. ಮೇ 10ರಂದು ಜಿಬ್ರಾಲ್ಟರಿನಿಂದ ಮೊದಲ ಪ್ರಾಯೋಗಿಕ ಕಾನ್ವಾಯ್ ಹೊರಟಿತು, ಒಂದು ಹಡಗನ್ನೂ ಕಳೆದುಕೊಳ್ಳದೆ ತಲುಪಿತು. ಆಮೇಲೆ ಯುದ್ಧ ಮುಗಿಯುವವರೆಗೆ ಸಾಗರದ ಕಾನ್ವಾಯ್‌ಗಳಲ್ಲಿ ಬಂದ ಹಡಗುಗಳಲ್ಲಿ ನೂರಕ್ಕೊಂದೂ ಮುಳುಗಲಿಲ್ಲ.

ತಪ್ಪು ಅಂಕಿಗಿಂತ ದೊಡ್ಡ ತಡೆ ಅವರ ಮನಸ್ಸಿನಲ್ಲಿತ್ತು. ಶತ್ರುವನ್ನು ಬೇಟೆಯಾಡುವುದು ಪೌರುಷದ ಕೆಲಸ, ಸರಕು ಹಡಗಿನ ಜೊತೆ ಸಾಗುವುದು ಕೈಲಾಗದವರ ಕೆಲಸ ಎಂಬ ಭಾವನೆ ಗಟ್ಟಿಯಾಗಿತ್ತು. ಹಾಗಾಗಿ ಡಿಸ್ಟ್ರಾಯರ್‌ಗಳು ಖಾಲಿ ಕಡಲನ್ನು ಸುತ್ತುತ್ತಿದ್ದವು. ಅವು ದಾಟಿಹೋಗುವವರೆಗೆ ನೀರೊಳಗೆ ಕಾದಿದ್ದು ಸಬ್‌ಮರೀನ್ ಮತ್ತೆ ಮೇಲೇಳುತ್ತಿತ್ತು. ಕಾನ್ವಾಯ್ ಈ ಆಟವನ್ನು ತಿರುಗಿಸಿತು. ಚದುರಿ ಸಾಗುವ ಐವತ್ತು ಹಡಗುಗಳಲ್ಲಿ ಒಂದಲ್ಲ ಒಂದು ಬೇಟೆಗಾರನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದೇ ಐವತ್ತು ಒಟ್ಟಾಗಿ ಸಾಗಿದರೆ ಮಹಾಸಾಗರದಲ್ಲಿ ಅದೊಂದು ಚುಕ್ಕೆ. ಕಂಡರೂ, ಹೊಡೆಯಬೇಕಾದರೆ ಸಬ್‌ಮರೀನ್ ಕಾವಲುಗಾರ ಇರುವಲ್ಲಿಗೇ ಬರಬೇಕು. 1918ರ ಅಕ್ಟೋಬರಿನಲ್ಲಿ ಮೆಡಿಟರೇನಿಯನ್ನಿನಲ್ಲಿ ಒಂದು ಕಾನ್ವಾಯ್ ಮೇಲೆ ಬಿದ್ದು, ತನ್ನ ಸಬ್‌ಮರೀನ್ ಕಳೆದುಕೊಂಡು ಸೆರೆಯಾದ ತರುಣ ಜರ್ಮನ್ ಅಧಿಕಾರಿಯ ಹೆಸರು ಕಾರ್ಲ್ ಡೋನಿಟ್ಸ್. ಮುಂದಿನ ಯುದ್ಧದಲ್ಲಿ ಜರ್ಮನಿಯ ಸಬ್‌ಮರೀನ್‌ಗಳನ್ನು ಗುಂಪುಗುಂಪಾಗಿ ಕಾನ್ವಾಯ್‌ಗಳ ಮೇಲೆ ಬಿಟ್ಟವನು ಆತನೇ.

ಆ ಎರಡನೆಯ ಯುದ್ಧದಲ್ಲಿ ಬೆಂಗಾವಲಿನ ಭಾರ ಹೊತ್ತ ಹಡಗುಗಳಲ್ಲಿ ನನಗೆ ತುಂಬ ಗೌರವವಿರುವುದು ‘ಫ್ಲವರ್’ ವರ್ಗದ ಕಾರ್ವೆಟ್‌ಗಳ ಮೇಲೆ. ತಿಮಿಂಗಿಲ ಬೇಟೆಯ ಹಡಗಿನ ಮಾದರಿಯನ್ನು ತಿದ್ದಿ ವಿಲಿಯಂ ರೀಡ್ ರೂಪಿಸಿದ ಈ ಹಡಗಿನ ತೂಕ ಸಾವಿರ ಟನ್ನಿಗೂ ಕಡಿಮೆ. ಒಂದೇ ಹಳೆಯ ಕಾಲದ ಉಗಿಯಂತ್ರ, ಮುಂದೆ ಒಂದು ತೋಪು, ಹಿಂದೆ ನೀರೊಳಗೆ ಸಿಡಿಯುವ ಡೆಪ್ತ್ ಚಾರ್ಜ್‌ಗಳು. ವೇಗ 16 ನಾಟ್. ನೀರಮೇಲೆ ಓಡುವ ಜರ್ಮನ್ ಸಬ್‌ಮರೀನನ್ನು ಬೆನ್ನಟ್ಟಿ ಹಿಡಿಯಲೂ ಅದಕ್ಕೆ ಆಗುತ್ತಿರಲಿಲ್ಲ. ಅಟ್ಲಾಂಟಿಕ್‌ನ ಅಲೆಗೆ ವಿಪರೀತ ಹೊರಳುತ್ತಿತ್ತು. ಒಳಗಿದ್ದವರಿಗೆ ಒಣ ಬಟ್ಟೆ, ಬಿಸಿ ಊಟ ಎರಡೂ ಅಪರೂಪ. ಆದರೆ ದೊಡ್ಡ ಯುದ್ಧನೌಕೆ ಕಟ್ಟಿ ಗೊತ್ತಿಲ್ಲದ ಸಣ್ಣ ಕಾರ್ಖಾನೆಗಳೂ ಇದನ್ನು ಕಟ್ಟಬಲ್ಲವಾಗಿದ್ದವು. ಬ್ರಿಟನ್ ಮತ್ತು ಕೆನಡಾ ಇವನ್ನು ಇನ್ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ನೀರಿಗಿಳಿಸಿದವು. ಅವುಗಳಲ್ಲಿ ಮೂರು ಅಸ್ಸಾಂ, ಗೊಂಡ್ವಾನಾ, ಮಹ್ರಟ್ಟಾ ಎಂಬ ಹೆಸರಿನಲ್ಲಿ ಭಾರತದ ನೌಕಾಪಡೆಗೂ ಬಂದವು. ಇದಕ್ಕಿಂತ ಮೇಲ್ದರ್ಜೆಯ ‘ಬ್ಲ್ಯಾಕ್ ಸ್ವಾನ್’ ವರ್ಗದ ಬೆಂಗಾವಲು ಹಡಗುಗಳಲ್ಲಿ ಭಾರತಕ್ಕೆ ಸಿಕ್ಕವುಗಳಿಗೆ ನಮ್ಮ ನದಿಗಳ ಹೆಸರಿತ್ತು. ಕಾವೇರಿ, ಕೃಷ್ಣಾ ಅವುಗಳಲ್ಲಿ ಎರಡು. ಇದೇ ವರ್ಗದ ಯಮುನಾ 1944ರ ಫೆಬ್ರವರಿಯಲ್ಲಿ ಕೊಲಂಬೊದಿಂದ ಕಲ್ಕತ್ತಕ್ಕೆ ಹೊರಟಿದ್ದ ಕಾನ್ವಾಯ್‌ನ ಕಾವಲಿನಲ್ಲಿದ್ದಾಗ, ಎರಡು ಆಸ್ಟ್ರೇಲಿಯನ್ ಹಡಗುಗಳ ಜೊತೆಗೂಡಿ, ವಿಶಾಖಪಟ್ಟಣದಾಚೆ ಜಪಾನಿನ ಸಬ್‌ಮರೀನೊಂದನ್ನು ಮುಳುಗಿಸಿತು. ಆರು ತಿಂಗಳ ನಂತರ ಸೀಶೆಲ್ಸ್ ಬಳಿ ಜರ್ಮನಿಯ ಸಬ್‌ಮರೀನೊಂದನ್ನು ಮುಳುಗಿಸುವುದರಲ್ಲಿ ಗೋದಾವರಿಯ ಪಾಲಿತ್ತು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಇವಕ್ಕೆ ಒಂದು ಸಾಲಾದರೂ ಇರಬೇಕಿತ್ತು.

ಭಾರತದ ನೌಕಾಪಡೆಯದೇ ಆದ ‘ಬೆಂಗಾಲ್’ನ ಕಥೆಗೆ ಒಂದು ಪುಟವೇ ಬೇಕು. ಆಸ್ಟ್ರೇಲಿಯಾದಲ್ಲಿ ಕಟ್ಟಿ ಮುಗಿದು ಭಾರತದ ಕಡೆ ಬರುತ್ತಿದ್ದ ಈ ಪುಟ್ಟ ಹಡಗಿಗೆ ‘ಒಂಡಿನಾ’ ಎಂಬ ಡಚ್ ಟ್ಯಾಂಕರನ್ನು ಜೊತೆಯಲ್ಲಿ ಕರೆತರುವ ಕೆಲಸ ಕೊಟ್ಟಿದ್ದರು. 1942ರ ನವೆಂಬರ್ 11ರಂದು ಹಿಂದೂ ಮಹಾಸಾಗರದ ನಡುವೆ ಜಪಾನಿನ ಎರಡು ಸಶಸ್ತ್ರ ಹಡಗುಗಳು ಎದುರಾದವು. ಒಂದೊಂದೂ ಹತ್ತು ಸಾವಿರ ಟನ್ನಿನವು, ಸಾಲು ತೋಪುಗಳಿದ್ದವು. ಬೆಂಗಾಲ್‌ನಲ್ಲಿದ್ದದ್ದು ಒಂದು ಸಣ್ಣ ತೋಪು. ಲೆಫ್ಟಿನೆಂಟ್ ಕಮಾಂಡರ್ ವಿಲ್ಸನ್ ಟ್ಯಾಂಕರಿಗೆ ತಪ್ಪಿಸಿಕೊಂಡು ಹೋಗಲು ಹೇಳಿ ತನ್ನ ಹಡಗನ್ನು ನೇರ ಶತ್ರುವಿನ ಕಡೆ ತಿರುಗಿಸಿದ. ಟ್ಯಾಂಕರಿನವರೂ ತಮ್ಮ ಒಂದೇ ತೋಪಿನಿಂದ ಹೊಡೆದರು. ಜಪಾನಿನ ‘ಹೊಕೊಕು ಮಾರು’ ಸಿಡಿದು ಮುಳುಗಿತು. ಯಾರ ಗುಂಡು ತಗಲಿತೆಂಬ ಚರ್ಚೆ ಇನ್ನೂ ಇದೆ. ಒಂಡಿನಾದ ಕ್ಯಾಪ್ಟನ್ ಸತ್ತ, ಹಡಗು ಬಿಟ್ಟು ದೋಣಿಗಿಳಿದವರ ಮೇಲೂ ಗುಂಡು ಬಿತ್ತು. ಉಳಿದವರು ಮತ್ತೆ ಹಡಗು ಹತ್ತಿ, ಬೆಂಕಿ ಆರಿಸಿ, ಅದನ್ನು ಆಸ್ಟ್ರೇಲಿಯಾಕ್ಕೆ ತಿರುಗಿ ಮುಟ್ಟಿಸಿದರು. ಗಾಯಗೊಂಡ ಬೆಂಗಾಲ್ ಡಿಯೆಗೊ ಗಾರ್ಸಿಯಾ ತಲುಪಿತು. ತೋಪುಗಳ ಲೆಕ್ಕ ಹಾಕಿದರೆ ಆ ಎರಡೂ ಹಡಗುಗಳು ಅಂದು ಮುಳುಗಬೇಕಿತ್ತು.

ಧೈರ್ಯ ಒಂದೇ ಸಾಕಾಗಲಿಲ್ಲ ಎಂಬುದನ್ನೂ ಹೇಳಬೇಕು. 1942ರ ಆರಂಭದಲ್ಲಿ ಲಿವರ್‌ಪೂಲಿನ ಒಂದು ಕಟ್ಟಡದಲ್ಲಿ, ಕ್ಷಯರೋಗದಿಂದ ನಿವೃತ್ತನಾಗಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿಗೆ ಒಂದು ಹಜಾರ ಕೊಟ್ಟರು. ಅವನ ಜೊತೆ ಕೆಲಸ ಮಾಡಿದವರು ನೌಕಾಪಡೆಯ ಮಹಿಳಾ ವಿಭಾಗದ ತರುಣಿಯರು. ಹಲವರಿಗೆ ಇಪ್ಪತ್ತು ವರ್ಷ ಆಗಿತ್ತಷ್ಟೆ. ನೆಲದ ಮೇಲೆ ಗೆರೆ ಹಾಕಿ, ಸೀಮೆಸುಣ್ಣದಲ್ಲಿ ಹಡಗುಗಳ ಜಾಡು ಬರೆದು, ನಡೆದುಹೋದ ಕದನಗಳನ್ನು ಅವರು ಮತ್ತೆ ಆಡಿ ನೋಡಿದರು. ಸಬ್‌ಮರೀನ್ ಕಾನ್ವಾಯ್‌ನ ಹೊರಗೆ ನಿಂತು ಹೊಡೆಯುತ್ತಿದೆ ಎಂದು ಎಲ್ಲರೂ ತಿಳಿದಿದ್ದರು. ಅದು ರಾತ್ರಿ ಹಿಂದಿನಿಂದ ಬಂದು ಹಡಗುಗಳ ಸಾಲಿನೊಳಗೇ ನುಸುಳಿ ಹೊಡೆಯುತ್ತಿದೆ ಎಂದು ಈ ಆಟ ತೋರಿಸಿಕೊಟ್ಟಿತು. ಕಡಲಲ್ಲಿ ವರ್ಷಗಟ್ಟಲೆ ಕಳೆದ ಕ್ಯಾಪ್ಟನ್‌ಗಳು ಪರದೆಯ ಸೀಳಿನಿಂದ ಇಣುಕುತ್ತ ಈ ಹುಡುಗಿಯರ ಎದುರು ಆಡಿ ಸೋತು, ಕಲಿತು ಹೋದರು.

ಇನ್ನೊಂದು ಪಾಠ ಕೊಟ್ಟವನು ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್. ಸ್ವಾತಂತ್ರ್ಯದ ನಂತರ ನೆಹರೂ ಸರ್ಕಾರಕ್ಕೆ ರಕ್ಷಣಾ ವಿಜ್ಞಾನದ ಸಲಹೆ ಕೊಟ್ಟವನೂ ಆತನೇ. ದೊಡ್ಡ ಕಾನ್ವಾಯ್ ಅಪಾಯ, ಚಿಕ್ಕದೇ ಕ್ಷೇಮ ಎಂದು ನೌಕಾಪಡೆ ನಂಬಿತ್ತು. ತೋಟ ಎರಡರಷ್ಟಾದರೆ ಬೇಲಿ ಎರಡರಷ್ಟು ಬೇಕಾಗುವುದಿಲ್ಲ ಎಂಬುದು ನಮ್ಮ ಯಾವ ರೈತನಿಗಾದರೂ ಗೊತ್ತು. 40 ಹಡಗುಗಳ ಕಾನ್ವಾಯ್‌ಗಿಂತ 80 ಹಡಗುಗಳದರ ಸುತ್ತಳತೆ ಏಳನೆಯ ಒಂದು ಪಾಲಷ್ಟೇ ಹೆಚ್ಚು ಎಂದು ಬ್ಲ್ಯಾಕೆಟ್‌ನ ತಂಡ ಲೆಕ್ಕ ಹಾಕಿತು. ಅಂದರೆ ಅಷ್ಟೇ ಕಾವಲು ಹಡಗುಗಳಿಂದ ಎರಡರಷ್ಟು ಸರಕನ್ನು ಕಾಪಾಡಬಹುದು, ಉಳಿದವನ್ನು ನೆರವಿನ ಗುಂಪುಗಳಾಗಿ ಬೇಕಾದಲ್ಲಿಗೆ ಕಳುಹಿಸಬಹುದು. ರೇಡಾರ್, ರೇಡಿಯೊ ಸಂದೇಶದ ದಿಕ್ಕು ಹಿಡಿಯುವ ಉಪಕರಣ, ದೂರ ಹಾರುವ ವಿಮಾನಗಳು ಇದಕ್ಕೆ ಜೊತೆಯಾದವು. 1943ರ ಮೇ ತಿಂಗಳೊಂದರಲ್ಲೇ ಜರ್ಮನಿ ನಲವತ್ತಕ್ಕೂ ಹೆಚ್ಚು ಸಬ್‌ಮರೀನ್ ಕಳೆದುಕೊಂಡಿತು. ಒಂದು ಹಡಗನ್ನೂ ಕಳೆದುಕೊಳ್ಳದೆ ದಾಟಿದ ಕಾನ್ವಾಯೊಂದರ ಮೇಲೆ ಬಿದ್ದು ಮುಳುಗಿದ ಸಬ್‌ಮರೀನಿನಲ್ಲಿ ಡೋನಿಟ್ಸನ ಮಗನಿದ್ದ. ಮೇ 24ರಂದು ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ತನ್ನವರನ್ನು ಹಿಂದಕ್ಕೆ ಕರೆಸಿಕೊಂಡ.

ಈ ಗೆಲುವಿನ ಹೊತ್ತಿಗೆ ತೆತ್ತ ಬೆಲೆಯಲ್ಲಿ ನಮ್ಮದೂ ಒಂದು ಪಾಲಿದೆ. ಬ್ರಿಟಿಷ್ ಸರಕು ಹಡಗುಗಳ ಒಲೆಗೆ ಕಲ್ಲಿದ್ದಲು ತುಂಬಿದವರು, ಡೆಕ್ಕು ತೊಳೆದವರು, ಅಡುಗೆ ಮಾಡಿದವರು ಅನೇಕ ಸಾವಿರ ಭಾರತೀಯ ಖಲಾಸಿಗಳು: ಸಿಲ್ಹೆಟ್ಟಿನವರು, ಕೊಂಕಣದವರು, ಗೋವೆಯವರು. ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು ಅವರಿಗೆ. ಆ ಯುದ್ಧದಲ್ಲಿ ಅವರಲ್ಲಿ ಸತ್ತವರು 6 ಸಾವಿರಕ್ಕೂ ಹೆಚ್ಚು. ಹಡಗಿನ ಹೊಟ್ಟೆಯಲ್ಲಿ, ನೀರಿನ ಮಟ್ಟದ ಕೆಳಗೆ ಕೆಲಸ ಮಾಡುವವನಿಗೆ ಟಾರ್ಪಿಡೊ ತಗಲಿದಾಗ ಏಣಿ ಹತ್ತಲು ಸಿಗುವ ಕಾಲ ಎಷ್ಟು? ಬೆಂಗಾವಲಿನ ಚರ್ಚೆಯನ್ನು ಬರಿಯ ಟನ್ನುಗಳಲ್ಲಿ ನಡೆಸುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಬೆಂಗಾವಲು ಹಿಂತೆಗೆದರೆ ಏನಾಗುತ್ತದೆ ಎಂಬುದಕ್ಕೆ 1942ರ ಜುಲೈನಲ್ಲಿ ರಷ್ಯಾಕ್ಕೆ ಹೊರಟಿದ್ದ ಪಿಕ್ಯೂ-17 ಸಾಕ್ಷಿ. ಜರ್ಮನಿಯ ದೈತ್ಯ ಯುದ್ಧನೌಕೆ ‘ಟಿರ್ಪಿಟ್ಜ್’ ಬರುತ್ತಿದೆಯೆಂಬ ಆತಂಕದಲ್ಲಿ ಕಾನ್ವಾಯ್ ಚದುರಲು ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಪೌಂಡ್ ಲಂಡನ್ನಿನಿಂದ ಆದೇಶ ಕೊಟ್ಟ. ಡಿಸ್ಟ್ರಾಯರ್‌ಗಳು ಟಿರ್ಪಿಟ್ಜ್ ಜೊತೆ ನಡೆಯಬಹುದಾದ ದೊಡ್ಡ ಕದನಕ್ಕಾಗಿ ತಿರುಗಿಹೋದವು. ಟಿರ್ಪಿಟ್ಜ್ ಆ ಹೊತ್ತಿಗೆ ಹೊರಟೇ ಇರಲಿಲ್ಲ. ಒಂಟಿಯಾದ ಹಡಗುಗಳನ್ನು ವಿಮಾನಗಳೂ ಸಬ್‌ಮರೀನ್‌ಗಳೂ ಒಂದೊಂದಾಗಿ ಹೊಡೆದವು. 35ರಲ್ಲಿ 24 ಮುಳುಗಿದವು. ಆ ದುರಂತದ ನಡುವೆ ‘ಏರ್‌ಶೈರ್’ ಎಂಬ ಮೀನುಗಾರಿಕೆ ಟ್ರಾಲರ್ ಮಾದರಿಯ ಸಣ್ಣ ಕಾವಲು ಹಡಗು ಮಾತ್ರ ಮೂರು ಸರಕು ಹಡಗುಗಳನ್ನು ಬಿಟ್ಟುಹೋಗಲಿಲ್ಲ. ಅದರ ಕ್ಯಾಪ್ಟನ್ ಲಿಯೊ ಗ್ರ್ಯಾಡ್ವೆಲ್ ಮೂಲತಃ ವಕೀಲ. ಅವನು ಅವನ್ನು ಮಂಜುಗಡ್ಡೆಯೊಳಗೆ ಕರೆದೊಯ್ದು, ಹಡಗುಗಳಿಗೆ ಬಿಳಿ ಬಣ್ಣ ಬಳಿಸಿ, ಶತ್ರುವಿನ ವಿಮಾನಗಳಿಗೆ ಕಾಣದಂತೆ ಮರೆಸಿ, ಮೂರನ್ನೂ ರಷ್ಯಾ ಮುಟ್ಟಿಸಿದ.

ಜಪಾನಿನದು ಇನ್ನೂ ದೊಡ್ಡ ಪಾಠ. ಜಗತ್ತಿನ ಅತಿ ದೊಡ್ಡ ಯುದ್ಧನೌಕೆ ಯಮಾಟೊ ಅದರ ಬಳಿ ಇತ್ತು. ನಿರ್ಣಾಯಕವಾದ ಒಂದೇ ಮಹಾಕದನದ ಕನಸು ಕಾಣುತ್ತಿದ್ದ ಆ ನೌಕಾಪಡೆಗೆ ಬೆಂಗಾವಲಿನ ಕೆಲಸ ಕೀಳಾಗಿ ಕಂಡಿತು. ದ್ವೀಪ ದೇಶ, ಎಣ್ಣೆಯೆಲ್ಲ ಸುಮಾತ್ರಾ, ಬೋರ್ನಿಯೊಗಳಿಂದ ಬರಬೇಕು. ಹಾಗಿದ್ದೂ ಬೆಂಗಾವಲಿಗೆಂದೇ ಒಂದು ಪ್ರಧಾನ ಕಚೇರಿ ತೆರೆದದ್ದು 1943ರ ನವೆಂಬರಿನಲ್ಲಿ, ಯುದ್ಧ ಶುರುವಾಗಿ ಸುಮಾರು ಎರಡು ವರ್ಷಗಳಾದ ಮೇಲೆ. ಅಷ್ಟರಲ್ಲಿ ಕಾಲ ಮಿಂಚಿತ್ತು. ಅಮೆರಿಕದ ಸಬ್‌ಮರೀನ್‌ಗಳು ಯುದ್ಧದುದ್ದಕ್ಕೂ ಮುಳುಗಿಸಿದ ಜಪಾನಿನ ಸರಕು ಹಡಗುಗಳು ಸುಮಾರು 48 ಲಕ್ಷ ಟನ್. ಎಣ್ಣೆಯಿಲ್ಲದ ಮಹಾನೌಕೆಗಳು ಬಂದರಿನಲ್ಲಿ ಕೂತವು. 1917ರ ಬ್ರಿಟನ್ನಿನ ಪಾಡನ್ನು ಕಣ್ಣಾರೆ ಕಂಡಿದ್ದ ಅಮೆರಿಕವೇ 1942ರ ಮೊದಲ ತಿಂಗಳುಗಳಲ್ಲಿ ತನ್ನ ಪೂರ್ವ ಕರಾವಳಿಯಲ್ಲಿ ಕಾನ್ವಾಯ್ ಮಾಡದೆ ನೂರಾರು ಹಡಗು ಕಳೆದುಕೊಂಡಿತ್ತು ಎಂದರೆ, ಈ ಪಾಠ ಎಷ್ಟು ಬೇಗ ಮರೆತುಹೋಗುತ್ತದೆ ನೋಡಿ.

ಇಂದು ಇದೆಲ್ಲ ಹಳೆಯ ಕಥೆ ಎನ್ನುವವರಿದ್ದಾರೆ. ಉಪಗ್ರಹ ಎಲ್ಲವನ್ನೂ ನೋಡುವಾಗ ಗುಂಪಾಗಿ ಸಾಗಿದರೆ ಗುರಿ ದೊಡ್ಡದಾಗುವುದಿಲ್ಲವೇ? ಅಗ್ಗದ ಡ್ರೋನನ್ನು ಕೋಟಿಗಟ್ಟಲೆ ಬೆಲೆಯ ಕ್ಷಿಪಣಿಯಿಂದ ಹೊಡೆದು ಎಷ್ಟು ದಿನ ನಡೆಸುವುದು? ಪ್ರಶ್ನೆಗಳು ಗಟ್ಟಿಯಾಗಿವೆ. ಆದರೂ 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್ನಿನ ಹೂಥಿ ಬಂಡುಕೋರರ ದಾಳಿ ಶುರುವಾದಾಗ ಅಮೆರಿಕವೂ ಯುರೋಪೂ ಮಾಡಿದ್ದೇನು? ಮತ್ತೆ ಯುದ್ಧನೌಕೆಗಳನ್ನು ಸರಕು ಹಡಗುಗಳ ಪಕ್ಕಕ್ಕೆ ತಂದು ನಿಲ್ಲಿಸಿದವು. ದಾಳಿಕಾರರ ನೆಲೆಗಳ ಮೇಲೆ ಬಾಂಬು ಸುರಿದರೂ ದಾಳಿ ನಿಲ್ಲಲಿಲ್ಲ. ಬಹಳಷ್ಟು ಹಡಗುಗಳು ಆಫ್ರಿಕಾ ಸುತ್ತಿಕೊಂಡೇ ಹೋಗಬೇಕಾಯಿತು. ಖರ್ಚಿನ ಪ್ರಶ್ನೆ ನನ್ನ ವಾದಕ್ಕೇ ಬಲ ಕೊಡುತ್ತದೆ. 2024ರ ಮಾರ್ಚಿನಲ್ಲಿ ಫ್ರಾನ್ಸಿನ ಹೆಲಿಕಾಪ್ಟರೊಂದು ಬರಿಯ ಮಷಿನ್ ಗನ್ನಿನಿಂದ ಡ್ರೋನನ್ನು ಹೊಡೆದುರುಳಿಸಿತು. ಸಾಧಾರಣ ಆಯುಧದ, ಕಡಿಮೆ ಬೆಲೆಯ, ಸಂಖ್ಯೆಯಲ್ಲಿ ಹೆಚ್ಚಿರುವ ಹಡಗುಗಳೇ ಈ ಕೆಲಸಕ್ಕೆ ಬೇಕಾದವು.

ನಮ್ಮ ಕರಾವಳಿಯ ಚರಿತ್ರೆಯೂ ಈ ವಾದಕ್ಕೆ ಒಂದು ಮಾತು ಸೇರಿಸುತ್ತದೆ. ಪೋರ್ಚುಗೀಸರ ಗೋವೆಗೆ ಅಕ್ಕಿ ಹೋಗುತ್ತಿದ್ದದ್ದು ಬಸ್ರೂರು, ಹೊನ್ನಾವರ, ಮಂಗಳೂರುಗಳಿಂದ. ಮಲಬಾರಿನ ಕಡಲ ಯೋಧರಿಗೆ ಹೆದರಿ ಅಕ್ಕಿಯ ದೋಣಿಗಳನ್ನು ಪೋರ್ಚುಗೀಸರು ಗುಂಪು ಕಟ್ಟಿ, ಹುಟ್ಟು ಹಾಕುವ ಯುದ್ಧದೋಣಿಗಳ ಕಾವಲಿನಲ್ಲಿ ಸಾಗಿಸುತ್ತಿದ್ದರು. ಅದೇ ದೋಣಿಗಳು ಅವರ ಪರವಾನಗಿ ಚೀಟಿ ಇಲ್ಲದ ಹಡಗುಗಳನ್ನು ಹಿಡಿಯುತ್ತಿದ್ದವು. ಅಕ್ಕಿ ಬೆಳೆದವರು ಕನ್ನಡ ನಾಡಿನವರು, ಕಡಲಿನಲ್ಲಿ ಯಾರು ಸಾಗಬಹುದು ಎಂದು ತೀರ್ಮಾನಿಸಿದವರು ಬೇರೆ. ಕಾವಲು ಕೊಡುವವನು ಕಟ್ಟಳೆಯನ್ನೂ ಹಾಕುತ್ತಾನೆ. ಭಾರತದ ವಿದೇಶಿ ವ್ಯಾಪಾರ ತೂಕದ ಲೆಕ್ಕದಲ್ಲಿ ನೂರಕ್ಕೆ 95ರಷ್ಟು ಕಡಲಿನಲ್ಲೇ ಸಾಗುತ್ತದೆ, ಬಹುಪಾಲು ವಿದೇಶಿ ಧ್ವಜದ ಹಡಗುಗಳಲ್ಲಿ. ಧ್ವಜ ಬೇರೆಯವರದು ಎಂದು ಸುಮ್ಮನಿರುವಂತಿಲ್ಲ, ಎಣ್ಣೆಯೂ ಹಡಗಿನೊಳಗಿನ ಮನುಷ್ಯರೂ ನಮ್ಮವರು. ನಮ್ಮ ನೌಕಾಪಡೆ ಇದನ್ನು ಅರಿತಿದೆ. 2008ರಿಂದ ಏಡನ್ ಕೊಲ್ಲಿಯಲ್ಲಿ, 2019ರಿಂದ ಪರ್ಷಿಯನ್ ಕೊಲ್ಲಿಯ ಕಡೆ ಅದು ಕಾವಲು ನಿಂತಿದೆ. 2024ರ ಜನವರಿಯಲ್ಲಿ ಕ್ಷಿಪಣಿ ತಗಲಿ ಉರಿಯುತ್ತಿದ್ದ ‘ಮಾರ್ಲಿನ್ ಲುವಾಂಡಾ’ದ ಬೆಂಕಿ ಆರಿಸಲು ಹೋದವರು ‘ವಿಶಾಖಪಟ್ಟಣಂ’ನ ನಾವಿಕರು, ಟ್ಯಾಂಕರಿನಲ್ಲಿ 22 ಮಂದಿ ಭಾರತೀಯರಿದ್ದರು.

ನನ್ನ ತಕರಾರು ಇರುವುದು ಯಾವ ಹಡಗುಗಳಿಂದ ಈ ಕೆಲಸ ಮಾಡಿಸುತ್ತಿದ್ದೇವೆ ಎಂಬುದರಲ್ಲಿ. ಏಳು ಸಾವಿರ ಟನ್ನಿನ ಡಿಸ್ಟ್ರಾಯರ್‌ಗಳು ಬೆರಳೆಣಿಕೆಯಷ್ಟಿವೆ. ಯುದ್ಧ ಬಂದರೆ ಅವು ವಿಮಾನವಾಹಕದ ಜೊತೆಗಿರಬೇಕು. ಆಗ ಟ್ಯಾಂಕರಿನ ಜೊತೆ ಹೋಗುವವರಾರು? ಸಬ್‌ಮರೀನ್ ಎದುರಿಸಲೆಂದೇ ಕಟ್ಟಿದ ಕಮೋರ್ಟಾ ವರ್ಗದ ಕಾರ್ವೆಟ್‌ಗಳು ನಮ್ಮಲ್ಲಿ ನಾಲ್ಕೇ. 2025ರಿಂದ ಸೇರ್ಪಡೆಯಾಗುತ್ತಿರುವ ‘ಅರ್ನಾಲಾ’ ಮೊದಲಾದ 16 ಹಡಗುಗಳು ಒಳ್ಳೆಯ ಹೆಜ್ಜೆ, ಆದರೆ ಅವು ಕರಾವಳಿಯ ಆಳವಿಲ್ಲದ ನೀರಿಗೆಂದು ಮಾಡಿದವು. ಸಾಕಷ್ಟಿಲ್ಲದ ಸಾಧನ ಕೊಟ್ಟು ಕಳುಹಿಸಿದರೆ ಏನಾಗುತ್ತದೆಂದು 1971ರ ಡಿಸೆಂಬರ್ 9ರ ರಾತ್ರಿ ದಿಯು ಬಳಿ ನೋಡಿದ್ದೇವೆ. ಅಗ್ಗದ ಬೆಂಗಾವಲು ಹಡಗಾಗಿ ರೂಪುಗೊಂಡ ‘ಖುಕ್ರಿ’ಯ ಸೋನಾರ್‌ಗಿಂತ ಪಾಕಿಸ್ತಾನದ ಸಬ್‌ಮರೀನ್ ‘ಹಂಗೋರ್’ನ ಕಿವಿ ದೂರದ ಸದ್ದು ಹಿಡಿಯುತ್ತಿತ್ತು. 18 ಅಧಿಕಾರಿಗಳೂ 176 ನಾವಿಕರೂ ಮುಳುಗಿದರು, ಹಡಗು ಬಿಡದೆ ನಿಂತ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಸಹಿತ. ಅಗ್ಗ ಎಂದು ನಾನು ಹೇಳುವಾಗ ಕುರುಡು ಹಡಗು ಎಂದು ಅರ್ಥವಲ್ಲ. ಒಳ್ಳೆಯ ಸೋನಾರ್, ಒಂದು ಹೆಲಿಕಾಪ್ಟರ್, ಡ್ರೋನ್ ಹೊಡೆಯುವ ತೋಪು ಇಷ್ಟನ್ನು ಬಿಡಲಾಗದು. ಉಳಿದ ಆಡಂಬರ ಬಿಡಬಹುದು.

ಇದಕ್ಕಿಂತ ಕಳವಳದ ಸಂಗತಿ ಇನ್ನೊಂದಿದೆ. 1987ರ ಜುಲೈನಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಯುದ್ಧನೌಕೆಗಳು ‘ಬ್ರಿಜ್‌ಟನ್’ ಎಂಬ ದೊಡ್ಡ ಟ್ಯಾಂಕರಿಗೆ ಬೆಂಗಾವಲಾಗಿ ಹೊರಟಿದ್ದವು. ಟ್ಯಾಂಕರ್ ನೀರೊಳಗಿನ ಮೈನಿಗೆ ತಗಲಿತು. ಆಮೇಲೆ ಯುದ್ಧನೌಕೆಗಳು ಆ ಟ್ಯಾಂಕರಿನ ಹಿಂದೆ, ಅದು ದಾಟಿದ ಜಾಡಿನಲ್ಲೇ ಸಾಗಿದವು. ಅದರ ದಪ್ಪ ಒಡಲು ಮೈನಿನ ಏಟು ತಾಳಬಲ್ಲದು, ತಮ್ಮ ತೆಳು ಒಡಲು ತಾಳದು ಎಂಬ ಕಾರಣಕ್ಕೆ. ಅವುಗಳ ಜೊತೆ ಮೈನ್ ಗುಡಿಸುವ ಹಡಗು ಇರಲಿಲ್ಲ. ಇವತ್ತು ನಮ್ಮದೂ ಅದೇ ಸ್ಥಿತಿ. ‘ಕಾರವಾರ’ ಎಂಬ ಮೈನ್ ಗುಡಿಸುವ ಹಡಗು 2017ರಲ್ಲಿ ನಿವೃತ್ತಿಯಾಯಿತು, ಕೊನೆಯದಾಗಿ ಉಳಿದಿದ್ದ ‘ಕೋಝಿಕೋಡ್’ 2019ರಲ್ಲಿ. ಅವುಗಳ ಜಾಗಕ್ಕೆ ಹೊಸದು ಬರಲೇ ಇಲ್ಲ. ನವಮಂಗಳೂರು, ಕಾರವಾರ, ಮುಂಬೈ, ಕೊಚ್ಚಿಗಳ ದಾರಿಯಲ್ಲಿ ಕೆಲವೇ ಮೈನ್ ಬಿಟ್ಟರೂ ಸಾಕು. ಡಿಸ್ಟ್ರಾಯರ್ ಆಗಲಿ ವಿಮಾನವಾಹಕವಾಗಲಿ ಬಂದರು ಬಿಟ್ಟು ಹೊರಡುವಂತಿಲ್ಲ, ಟ್ಯಾಂಕರ್ ಒಳಗೆ ಬರುವಂತಿಲ್ಲ. 2025ರ ಜುಲೈನಲ್ಲಿ ಹೊಸ ಹಡಗುಗಳಿಗೆ ಒಪ್ಪಿಗೆಯ ಮೊದಲ ಹೆಜ್ಜೆ ಸಿಕ್ಕಿದೆ. ಕಮೋರ್ಟಾ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ, ಮೊದಲ ಹಡಗು ಪಡೆಗೆ ಸೇರಿದ್ದು 2014ರಲ್ಲಿ, ನಾಲ್ಕನೆಯದು 2020ರಲ್ಲಿ. ಈ ಸಲವೂ ಅದೇ ನಿಧಾನವಾದರೆ ಮೊದಲ ಮೈನ್ ಹಡಗು ಬರುವಷ್ಟರಲ್ಲಿ 2036 ಆಗುತ್ತದೆ. ನಮ್ಮ ಕರಾವಳಿಯ ಸಂಸದರು ದೆಹಲಿಯಲ್ಲಿ ಪ್ರತಿ ಅಧಿವೇಶನದಲ್ಲೂ ಕೇಳಬೇಕಾದ ಪ್ರಶ್ನೆ ಇದು.